ಹದಿನೇಳನೆಯ ಗೆಲಾಕ್ಸಿಗೆ, ಅದರ ನಡುವಿನ ಧೂಳಿನ ವಿಷಯವಾಗಿ

ಬೆಟಗೇರಿ, ಜನವರಿ ೧೯೮೩

ಮಾನ್ಯರೇ,

ಕೋಟಿ ಕೋಟಿ ನಕ್ಷತ್ರಗಳ ಒಡೆಯರಾದ ತಮಗೆ, ಬೆಟಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿದುಕೊಡುವ ನಿಜಾಮುದ್ದೀನ ನದಾಫನ ಸಾವಿರ ಸಲಾಮುಗಳು. ತಾವೂ ತಮ್ಮ ನಕ್ಷತ್ರಗಳೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ಆದರೆ ತಮ್ಮ ದೆಸೆಯಿಂದ ನನ್ನ ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಎಂಟನೆಯ ತರಗತಿಯ ಈ ಹಾಜಿರಾಬಿ, ವಿಜ್ಞಾನದ ಪುಂಡಲೀಕಪ್ಪ ಮಾಸ್ತರರು ಕೊಟ್ಟ ಹಳೆಯ ಪತ್ರಿಕೆಗಳಿಂದ ಇಪ್ಪತ್ತು ಗೆಲಾಕ್ಸಿಗಳ ಚಿತ್ರ ಕತ್ತರಿಸಿ, ರಟ್ಟಿಗೆ ಅಂಟಿಸಿ, ಆಕಾರ ನೋಡಿ ವಿಂಗಡಿಸಿದ್ದಳು. ಮೊಟ್ಟೆಯಂತೆ ನುಣ್ಣಗಿರುವವರು ಒಂದು ಕಡೆ, ಸುರುಳಿ ಸುತ್ತಿದವರು ಒಂದು ಕಡೆ, ಸುರುಳಿಯ ನಡುವೆ ಅಡ್ಡಪಟ್ಟಿ ಇರುವವರು ಇನ್ನೊಂದು ಕಡೆ, ಯಾವ ಶಿಸ್ತಿಗೂ ಒಗ್ಗದವರು ಕೊನೆಗೆ. ಶಿರಹಟ್ಟಿಯ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದವರು ಧಾರವಾಡಕ್ಕೆ ಹೋಗಬಹುದಿತ್ತು, ಅಲ್ಲಿ ಗೆದ್ದ ಮಕ್ಕಳಿಗೆ ದೊಡ್ಡ ದುರ್ಬೀನಿನಲ್ಲಿ ಆಕಾಶ ತೋರಿಸುತ್ತಾರಂತೆ. ಹುಡುಗಿ ಮೂರು ತಿಂಗಳಿಂದ ಅದೊಂದನ್ನೇ ಜಪಿಸುತ್ತಿದ್ದಳು.

ಉಳಿದ ಹತ್ತೊಂಬತ್ತು ಮಂದಿಯ ಬಗ್ಗೆ ನನ್ನ ತಕರಾರಿಲ್ಲ. ಹದಿನೇಳನೆಯವರಾದ ತಾವು ಮಾತ್ರ ಮಗ್ಗುಲಾಗಿ ಮಲಗಿ, ಹಿಂಜಿದ ಅರಳೆಯ ಎಳೆಯಂತೆ ತೆಳ್ಳಗೆ ಬೆಳ್ಳಗೆ ಕಾಣಿಸುತ್ತ, ನಡುವೆ ಉದ್ದಕ್ಕೂ ಒಂದು ಕರಿಗೆರೆ ಇಟ್ಟುಕೊಂಡಿದ್ದಿರಿ. ಹತ್ತಿಯಲ್ಲಿ ಕರಿದು ಕಂಡರೆ ಅದು ಎಲೆಚೂರು, ಸಿಪ್ಪೆ, ಕಸ. ಅದನ್ನು ಆರಿಸಿ ತೆಗೆಯದೆ ಹಿಂಜುವ ಬಿಲ್ಲು ಮುಟ್ಟಬಾರದೆಂದು ನನ್ನ ತಂದೆ ಉಸ್ಮಾನಸಾಬರು ಕೈಮೇಲೆ ಹೊಡೆದು ಕಲಿಸಿದ್ದಾರೆ. ಪ್ರದರ್ಶನದ ದಿನ ಬೆಳಿಗ್ಗೆ ಹುಡುಗಿ ಜಡೆ ಹಾಕಿಸಿಕೊಳ್ಳುತ್ತಿದ್ದಾಗ, ಮಗಳ ಮಾಲು ಕಸದೊಡನೆ ಹತ್ತು ಜನರೆದುರು ಹೋಗಬಾರದೆಂಬ ಪ್ರೀತಿಯಿಂದ, ನಾನು ಸೀಮೆಸುಣ್ಣ ಒದ್ದೆ ಮಾಡಿ ಆ ಗೆರೆಯನ್ನು ಅಚ್ಚುಕಟ್ಟಾಗಿ ಮುಚ್ಚಿದೆ. ತಾವು ಹುಟ್ಟಿದಂದಿನಿಂದ ಅಷ್ಟು ಸ್ವಚ್ಛವಾಗಿ ಎಂದೂ ಇದ್ದಿರಲಿಕ್ಕಿಲ್ಲ.

ತೀರ್ಪುಗಾರರು ನೆಟ್ಟಗೆ ಬಂದು ತಮ್ಮೆದುರೇ ನಿಂತರು. ತಮ್ಮ ಚಿತ್ರದ ಕೆಳಗೆ ಹಾಜಿರಾಬಿ, ಇಷ್ಟು ತೆಳ್ಳಗಿದ್ದು ನಡುವೆ ಧೂಳಿನ ಕರಿಗೆರೆ ಇರುವುದರಿಂದ ಇದು ಮೊಟ್ಟೆಯ ಆಕಾರದ್ದಲ್ಲ, ಮಗ್ಗುಲಿನಿಂದ ಕಾಣುವ ಸುರುಳಿ ಎಂದು ದುಂಡಗೆ ಬರೆದಿದ್ದಳು. ಗೆರೆ ಎಲ್ಲಿ ಎಂದು ಅವರು ಕೇಳಿದರು. ಹುಡುಗಿ ಮೊದಲು ಚಿತ್ರ ನೋಡಿದಳು, ಆಮೇಲೆ ಪಕ್ಕದಲ್ಲಿ ನಿಂತಿದ್ದ ನನ್ನ ಬಿಳಿ ಬೆರಳು ನೋಡಿದಳು.

"ಇತ್ತರಿ ಸರ್. ನಮ್ಮಪ್ಪ ಕಸ ಅಂತ ತಿಳದು ತಗದಾರ್ರಿ" ಎಂದಳು.

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲ ಬಹುಮಾನ ಲಕ್ಷ್ಮೇಶ್ವರದಿಂದ ಬಂದ, ಕುಂಕುಮದ ನೀರು ಉಗುಳುವ ಒಂದು ಜ್ವಾಲಾಮುಖಿಗೆ ಹೋಯಿತು, ನಮಗೆ ಎರಡನೆಯದು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ಅಪ್ಪಾ, ಆಕಾಶದಾಗ ಕಸಕ್ಕೂ ಕಿಮ್ಮತ್ತೈತಿ."

ಧೂಳನ್ನೇ ಪ್ರಮಾಣಪತ್ರ ಮಾಡಿಕೊಂಡ ತಮ್ಮ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಈ ಪದ್ಧತಿ ನಮ್ಮ ಊರಿನಲ್ಲಿ ನಡೆಯುವಂತಿದ್ದರೆ, ನನ್ನ ಅಂಗಡಿಯ ಧೂಳಿಗೆ ಇಷ್ಟು ಹೊತ್ತಿಗೆ ನನ್ನನ್ನು ಮೆರವಣಿಗೆ ಮಾಡಬೇಕಿತ್ತು. ಆದರೂ ತಮ್ಮಲ್ಲಿ ಸವಿನಯ ಬೇಡಿಕೆ ಏನೆಂದರೆ, ಮುಂದಿನ ಜನವರಿಯೊಳಗೆ ದಯವಿಟ್ಟು ಹೊರಳಿ ಮಲಗಿ ತಮ್ಮ ಸುರುಳಿಗಳನ್ನು ನಮ್ಮ ಕಡೆ ತೋರಿಸಬೇಕು. ತಮ್ಮ ಬೆಳಕು ಇಲ್ಲಿಗೆ ಮುಟ್ಟಲು ಕೋಟಿಗಟ್ಟಲೆ ವರ್ಷ ಹಿಡಿಯುತ್ತದೆಂದು ಮಾಸ್ತರರು ಹೇಳಿದ್ದಾರೆ. ಆದ್ದರಿಂದ ಇದನ್ನು ತುರ್ತು ಪತ್ರವೆಂದು ತಿಳಿದು ಸ್ವಲ್ಪ ಮುಂಚೆಯೇ ಹೊರಳಿದ್ದರೆ ಇನ್ನೂ ಉಪಕಾರ. ಹೊರಳಲು ಸೊಂಟನೋವಿದ್ದರೆ ತಿಳಿಸಿರಿ, ಒಳ್ಳೆಯ ಜಯಧರ ಹತ್ತಿಯ ಗಾದಿ ಮಾಡಿಕೊಡುತ್ತೇನೆ, ಅಳತೆ ಮಾತ್ರ ತಾವೇ ಕಳುಹಿಸಬೇಕು.

ಇಷ್ಟೆಲ್ಲ ಆದಮೇಲೂ
ತಮ್ಮ ವಿಶ್ವಾಸಿ,
ನಿಜಾಮುದ್ದೀನ ಉಸ್ಮಾನಸಾಬ ನದಾಫ

ತಾ. ಕ.: ತಾವು ಹೊರಳುವವರೆಗೆ ಕಾಯುವ ಪುರುಸೊತ್ತು ಹಾಜಿರಾಬಿಗಿಲ್ಲ. ತಮ್ಮ ಇನ್ನೊಂದು ಚಿತ್ರ, ಕಸ ಸಮೇತ, ಹುಡುಕಿ ಆಗಲೇ ಅಂಟಿಸಿದ್ದಾಳೆ. ಬರುವ ವರ್ಷವೂ ಚಿತ್ರಗಳ ರಟ್ಟು ಇಟ್ಟ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗುವ ಕೆಲಸ ನನಗೇ ಕೊಟ್ಟಿದ್ದಾಳೆ. ಅದರ ಕೀಲಿಯನ್ನು ಮಾತ್ರ ತನ್ನ ಕೊರಳಿಗೆ ಕಟ್ಟಿಕೊಂಡಿದ್ದಾಳೆ.