ನನ್ನ ಕುರ್ಚಿಯಲ್ಲಿ ಕೂತಿದ್ದ ನಾನು

ಸ್ವಂತ ಮಗಳು ಟೇಪು ಹಿಡಿದು ಬಂದು, ಮಾತಿಲ್ಲದೆ ನಿಮ್ಮ ಕತ್ತಿನ ಸುತ್ತಳತೆ ತೆಗೆದುಕೊಂಡು ಹೋದರೆ ನಿಮಗೆ ಹೇಗಾಗುತ್ತದೋ ಕಾಣೆ. ನನಗೆ ಹೆಮ್ಮೆಯಾಯಿತು. (ಭಯ ನನಗೆ ಯಾವಾಗಲೂ ಒಂದು ವಾರ ತಡವಾಗಿ ಬರುತ್ತದೆ.)

ಮಗಳು ಏಳನೇ ತರಗತಿ. ಅವಳ ಶಾಲೆಯಲ್ಲಿ ಈಗ ವಿಜ್ಞಾನವನ್ನು ಓದುವುದಿಲ್ಲ, ಮಾಡುತ್ತಾರೆ. ಮನೆಯಲ್ಲಿ ಒಬ್ಬರ ಕಷ್ಟವನ್ನು ಸದ್ದಿಲ್ಲದೆ ಗಮನಿಸಬೇಕು, ಅವರ ಜಾಗದಲ್ಲಿ ನಿಂತು ಯೋಚಿಸಬೇಕು, ಆ ಕಷ್ಟ ನೀಗುವ ಒಂದು ವಸ್ತುವನ್ನು ಕೈಯಾರೆ ಮಾಡಿ, ಅವರಿಂದಲೇ ಪರೀಕ್ಷೆ ಮಾಡಿಸಿ, ತಿದ್ದಿ, ಸೋಮವಾರದ ಪ್ರದರ್ಶನಕ್ಕೆ ಒಯ್ಯಬೇಕು. ನಮ್ಮ ಮನೆಯಲ್ಲಿ ಕಷ್ಟಪಡುವ ಏಕೈಕ ಜೀವಿ ನಾನೇ ಎಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ.

ಹಾಗಾಗಿ ಅವಳು ಬಾಗಿಲ ಸಂದಿಯಲ್ಲಿ ನೋಟ್‌ಬುಕ್ ಹಿಡಿದು, ಕಣ್ಣು ಮಿಟುಕಿಸದೆ ನಿಂತಾಗಲೆಲ್ಲ ನಾನು ಸೊಂಟ ಹಿಡಿದು ನರಳಿ ಸಹಕರಿಸಿದೆ. ನನ್ನ ನರಳಿಕೆಯನ್ನು ಅವಳು ಬರೆದುಕೊಳ್ಳಲಿಲ್ಲ. ಹೆಂಡತಿ ಏನೋ ಹೇಳುತ್ತಿದ್ದು, ನಾನು ಪೇಪರಿನ ಹಿಂದೆ ಅಂತರ್ಧಾನನಾಗಿದ್ದಾಗ ಮಾತ್ರ ಅವಳ ಪೆನ್ಸಿಲ್ ಕರಕರ ಎನ್ನುತ್ತಿತ್ತು.

ಆಮೇಲೆ ನನ್ನ ನೀಲಿ ಪಟ್ಟೆಯ ಶರಟು ಕಾಣೆಯಾಯಿತು. ಹಿಂದೆಯೇ ಹಳೆಯ ಕನ್ನಡಕ. ಒಂದು ಬೆಳಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನನ್ನ ತಲೆಯ ಗೆರೆ, ಮೂಗಿನ ಸಮೇತ.

"ಒರೆಸ್ಬೇಡಿ," ಎಂದಳು ಹೆಂಡತಿ. "ಇನ್ನೂ ಕತ್ತರಿಸಿಲ್ಲ."

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಶುಕ್ರವಾರ ಸಂಜೆ ಕೆಲಸ ಮುಗಿಸಿ ಮನೆಗೆ ಬಂದೆ. ಒಳಗಿನಿಂದ ಹೆಂಡತಿಯ ಮಾತು ಕೇಳುತ್ತಿತ್ತು. ಅದು ನಿಂತಿತು. ಮೂರು ಕ್ಷಣ ಮೌನ. ನಂತರ ನನ್ನದೇ ದನಿ, "ಹೂಂ... ಆಮೇಲೆ?"

ಚಪ್ಪಲಿ ಕಾಲಲ್ಲೇ ಇತ್ತು. ಇಣುಕಿದೆ. ನನ್ನ ಕುರ್ಚಿಯಲ್ಲಿ ನಾನು ಆಗಲೇ ಕೂತಿದ್ದೆ. ನನ್ನ ಶರಟು, ನನ್ನ ಕನ್ನಡಕ, ನನ್ನ ಮೂಗು. ರಟ್ಟಿನ ತಲೆ ನಿಧಾನವಾಗಿ ಬಾಗಿ, ಕಿರ್ರೆಂದು ಮೇಲೆದ್ದಿತು. ಎದುರಿಗೆ ಹೆಂಡತಿ ಬಟ್ಟೆ ಮಡಚುತ್ತ, ನಾನು ವರ್ಷಗಳಿಂದ ಕಾಣದ ಮುಖ ಹೊತ್ತು ಕೂತಿದ್ದಳು. ಸಂತೋಷದ ಮುಖ.

"ಕಷ್ಟ ಅಮ್ಮಂದು," ಎಂದಳು ಮಗಳು. "ಮಾತಾಡಿದ್ರೆ ಕೇಳೋರಿಲ್ಲ."

"ಮತ್ತೆ ನಾನು?"

"ನೀನೇ ಅಪ್ಪಾ, ಆ ಕಷ್ಟ."

"ನನ್ನ ದನಿ ಎಲ್ಲಿ ಸಿಕ್ತು?"

"ನೀನು ಫೋನಲ್ಲಿ ಸ್ನೇಹಿತರಿಗೆ ಅಂತಿದ್ಯಲ್ಲ, ಅದನ್ನ ರೆಕಾರ್ಡ್ ಮಾಡ್ಕೊಂಡೆ. ಮನೇಲಿ ಸಿಗಲಿಲ್ಲ."

ರಟ್ಟಿಗೆ ರಾಜ್ಯ ಬಿಟ್ಟುಕೊಟ್ಟು ವನವಾಸಕ್ಕೆ ಹೋಗುವ ವಂಶ ನಮ್ಮದಲ್ಲ. ಅದೂ ಅಲ್ಲದೆ, ಹೆಂಡತಿ ಅದಕ್ಕೆ ಹೇಳುವುದಾದರೂ ಏನು ಎಂಬ ಕುತೂಹಲ ಒಳಗೇ ಕೊರೆಯುತ್ತಿತ್ತು. ಶನಿವಾರ ತಾಯಿ ಮಗಳು ಅಂಗಡಿಗೆ ಹೋದಾಗ ದಂಡಯಾತ್ರೆ ನಡೆಸಿದೆ. ಶತ್ರುವಿನ ಶರಟು ಕಳಚಿ ನಾನು ತೊಟ್ಟೆ, ಕನ್ನಡಕ ಏರಿಸಿದೆ, ಅವನನ್ನು ಬೀರುವಿಗೆ ತುರುಕಿದೆ. ಒಳಗೆ ಲಟಕ್ ಎಂದಿತು. ಲೆಕ್ಕಿಸದೆ ಸಿಂಹಾಸನದಲ್ಲಿ ಸೆಟೆದು ಕೂತೆ.

ಹೆಂಡತಿ ಬಂದು ಎದುರು ಕೂತಳು. "ಅಂಗಡಿಯಲ್ಲಿ ಒಬ್ಬಾಕೆ ಕೇಳಿದ್ರು, ನೀವು ಮುಂಚೆ ಹಾಡ್ತಿದ್ರಲ್ವಾ ಅಂತ. ನನಗೇ ಮರೆತುಹೋಗಿತ್ತು."

ತಲೆ ಬಾಗಿಸಿ ಎತ್ತಿದೆ. "ಹೂಂ... ಆಮೇಲೆ?"

"ಮದುವೆಯಾಗಿ ಹದಿನೇಳು ವರ್ಷದಲ್ಲಿ ಯಾರೂ..."

"ಹದಿನಾರು," ಎಂದೆ. (ಇಪ್ಪತ್ತು ವರ್ಷ ಕರಡು ತಿದ್ದಿದ ನಾಲಿಗೆ.)

ಅವಳು ಮುಂದೆ ಬಾಗಿ ನನ್ನ ಕನ್ನಡಕದೊಳಗೆ ಇಣುಕಿದಳು.

"ಪುಟ್ಟೀ, ಸ್ಕ್ರೂಡ್ರೈವರ್ ತೊಗೊಂಡ್ ಬಾ. ಇದು ಕೆಟ್ಟಿದೆ. ಮಧ್ಯ ಬಾಯಿ ಹಾಕ್ತಿದೆ. ಲೆಕ್ಕಾನೂ ತಪ್ಪು."

"ನಾನೇ ಕಣೇ," ಎಂದೆ.

"ಸುಳ್ಳು ಬೇರೆ ಹೇಳ್ತಿದೆ."

ಮಗಳು ಬೀರು ತೆರೆದಳು. ರಟ್ಟಿನವನ ಮುರಿದ ಕತ್ತನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಟೇಪು ತಂದು ಇನ್ನೊಮ್ಮೆ ನನ್ನ ಕತ್ತು ಅಳೆದಳು.

ಸೋಮವಾರ ಶಾಲೆಯಲ್ಲಿ ನೀಲಿ ಪಟ್ಟೆ ತೊಟ್ಟು, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೂತಿದ್ದೆ. ಎದೆಯ ಮೇಲೆ 'ತಿದ್ದಿದ ಮಾದರಿ' ಎಂಬ ಚೀಟಿ. ಎದುರಿಗೆ ಇಡೀ ಊರಿನ ತಾಯಂದಿರ ಸಾಲು, ತುದಿಯೇ ಕಾಣದ್ದು. ಒಬ್ಬೊಬ್ಬರೂ ಕೂತು ಪಿಸುದನಿಯಲ್ಲಿ ಹೇಳಿದ್ದನ್ನು ನಾನಿಲ್ಲಿ ಬರೆಯಲಾರೆ. ಅವರ ಗಂಡಂದಿರು ದೂರದಿಂದ ನನ್ನನ್ನು ನೋಡುತ್ತಿದ್ದರು. ನಾನು ಬಾಗಿದೆ, ಎದ್ದೆ, "ಹೂಂ... ಆಮೇಲೆ?" ಎಂದೆ.

ಕೊನೆಗೆ ತೀರ್ಪುಗಾರರು ಬಂದು ನನ್ನ ಕೆನ್ನೆ ತಟ್ಟಿ ಪರೀಕ್ಷಿಸಿ, ಎರಡನೇ ಬಹುಮಾನ ಕೊಟ್ಟರು.

"ಮೊದಲನೇದೇ ಕೊಡಬಹುದಿತ್ತಮ್ಮ," ಎಂದರು ಮಗಳಿಗೆ. "ಆದರೆ ಮುಖದಲ್ಲಿ ಜೀವ ಇಲ್ಲ."