ಮಮ್ಮಿಯ ಸ್ಕೂಟರು ಮತ್ತು ನನ್ನ ಬೋಧನಾ ತತ್ವ

ತಾಳ್ಮೆಯ ಬಗ್ಗೆ ಬರೆಯುವುದಕ್ಕೆ ತಾಳ್ಮೆಯೇನೂ ಬೇಕಾಗಿಲ್ಲ. ತಲೆಯ ಮೇಲೊಂದು ಫ್ಯಾನು, ಕೈಯಲ್ಲೊಂದು ಪೆನ್ನು, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಇದ್ದರೆ ಎಷ್ಟು ಪುಟ ಬೇಕಾದರೂ ಬರೆಯಬಹುದು. ಕಚೇರಿ ಕೆಲಸ ಸಾಕೆನಿಸಿ, ಮೂವತ್ತು ದಾಟಿದ ಮೇಲೆ ಬಿ.ಎಡ್. ಸೇರಿದವಳು ನಾನು. "ನಾಳೆ ಟೀಚರ್ ಆಗುವವರು ನೀವು, ನಿಮ್ಮ ಬೋಧನಾ ತತ್ವವೇನು ಬರೆದು ತನ್ನಿ" ಎಂದು ನಮ್ಮ ಮೇಡಂ ಹೇಳಿದ್ದರು. ಕಲಿಯುವವರು ಹೂವಿದ್ದಂತೆ, ತಾವಾಗಿಯೇ ಅರಳಬೇಕು. ತಪ್ಪು ಮಾಡುವುದು ಅವರ ಹಕ್ಕು. ಶಿಕ್ಷಕಿಯ ದನಿ ಎಂದೂ ಏರಕೂಡದು ಎಂದೆಲ್ಲ ಬರೆದೆ. ಬರೆದದ್ದನ್ನು ಓದಿಕೊಂಡಾಗ ನನ್ನ ಒಳ್ಳೆಯತನಕ್ಕೆ ನನಗೇ ಕಣ್ಣು ತುಂಬಿ ಬಂತು.

ಅದೇ ವಾರ ಮಮ್ಮಿ ಸ್ಕೂಟರ್ ಕಲಿಯುತ್ತೇನೆಂದು ಹಟ ಹಿಡಿದರು. ನಜರ್‌ಬಾದಿನ ನಮ್ಮ ಮನೆಯಲ್ಲಿರುವುದು ನಾವಿಬ್ಬರೇ. ಕೆಸರೆಯಲ್ಲಿ ಚಿಕ್ಕಮ್ಮ ಸೊಂಟದ ಆಪರೇಷನ್ ಆಗಿ ಮಲಗಿದ್ದರು. ದಿನಾ ಬೆಳಿಗ್ಗೆ ಅವರಿಗೆ ಊಟ ಒಯ್ದು, ಸ್ನಾನ ಮಾಡಿಸಿ ಬರಬೇಕು. ಮಮ್ಮಿಯನ್ನು ಸ್ಕೂಟರಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದವಳು ನಾನು. ಪಾಠ ಮಾಡುವ ತರಬೇತಿಗೆಂದು ಸದ್ಯದಲ್ಲೇ ನಾನು ಶಾಲೆಯೊಂದಕ್ಕೆ ಹೋಗಬೇಕಿತ್ತು. ಆಮೇಲೆ ಅವರನ್ನು ಕರೆದೊಯ್ಯುವವರು ಯಾರು? "ನೀನೇ ಟೀಚರಮ್ಮ ಆಗೋಳಲ್ವಾ? ಮೊದ್ಲು ನನ್ಗೇ ಕಲ್ಸು ಕಣಮ್ಮ" ಎಂದರು. ವಯಸ್ಸು ಅರವತ್ತರ ಹತ್ತಿರ. ಲಂಗ ಉಡುವ ಕಾಲದಲ್ಲಿ ಸೈಕಲ್ ಹೊಡೆದಿದ್ದೊಂದೇ ಅನುಭವ.

ಎಲ್‌ಎಲ್‌ಆರ್ ಮಾಡಿಸಿ, ಗಾಡಿಯ ಮುಂದೆ ಕೆಂಪು 'ಎಲ್' ಅಕ್ಷರ ಅಂಟಿಸಿ, ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಯಾದವಗಿರಿಗೆ ಹೋದೆವು. ದೊಡ್ಡ ದೊಡ್ಡ ಬಂಗಲೆಗಳ ನಡುವಿನ ಖಾಲಿ ರಸ್ತೆ. ಹಿಂದೆ ಕೂತು ಬಹಳ ಮೃದುವಾಗಿಯೇ ಶುರುಮಾಡಿದೆ. "ನಿಧಾನ ಮಮ್ಮಿ... ಹಾಂ, ಹಾಗೇ... ಎಡಕ್ಕೆ... ಎಡಕ್ಕೆ ಅಂದ್ನಲ್ಲ! ಬ್ರೇಕ್! ಅಯ್ಯೋ, ಅದು ಹಾರ್ನು!" ಸ್ಕೂಟರು ಹಾರ್ನ್ ಹೊಡೆದುಕೊಂಡೇ ಹೋಗಿ ಒಂದು ಕಾಂಪೌಂಡಿನ ಕಾಗದದ ಹೂವಿನ ಪೊದೆಗೆ ನುಗ್ಗಿತು. ನನ್ನ ಮೊದಲ ವಿದ್ಯಾರ್ಥಿನಿ ತಲೆತುಂಬ ಹೂ ಮುಡಿದು ನಿಂತರು. ನಾನು ಅಲ್ಲೇ ಶುರುಹಚ್ಚಿಕೊಂಡೆ: ಎಷ್ಟು ಸಲ ಹೇಳುವುದು, ಗಮನ ಎಲ್ಲಿತ್ತು, ಕೈಯಲ್ಲಿ ಜೀವ ಇದೆಯೋ ಇಲ್ಲವೋ. ಮಮ್ಮಿ ಹೇಳಿದ್ದಿಷ್ಟೇ: "ನೀನ್ ಕಿರುಚ್ದಾಗೆಲ್ಲ ನನ್ ಕೈ ತಾನೇ ತಿರುಗ್ಬುಡ್ತದೆ ಕಣಮ್ಮ."

ಅಷ್ಟರಲ್ಲಿ ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ನಿಮ್ ತಾಯಿಯವ್ರೇನಮ್ಮಾ? ನೀವು ಕೂಗ್ತಿದ್ದಿದ್ದು ಕೇಳಿ ಯಾರೋ ಸರಗಳ್ಳಿ ಸಿಕ್ಕಿದ್ಲು ಅಂದ್ಕೊಂಡೆ" ಎಂದು ಮುಂದೆ ಹೋದರು.

ಮನೆಗೆ ಬಂದ ಮೇಲೆ ಮಮ್ಮಿ, "ನಾಳೆಯಿಂದ ಬೇಡ ಬುಡು. ನಿಂಗೂ ಓದೋದಿರ್ತದೆ" ಎಂದರು. ನೋಡಿ, ಒಂದೇ ದಿನಕ್ಕೆ ಕೈಬಿಟ್ಟರು! ಆ ಸಿಟ್ಟಿನಲ್ಲೇ ನನ್ನ ತತ್ವಕ್ಕೆ ಇನ್ನೊಂದು ಪ್ಯಾರಾ ಸೇರಿಸಿದೆ: ಕಲಿಯುವವರಲ್ಲೇ ಶ್ರದ್ಧೆ ಇಲ್ಲದಿದ್ದರೆ ಎಂಥ ಶಿಕ್ಷಕಿಯೂ ಅಸಹಾಯಕಳು.

ಆಮೇಲೆ ಸ್ಕೂಟರಿನ ಪೆಟ್ರೋಲು ಬೇಗ ಬೇಗ ಖಾಲಿಯಾಗತೊಡಗಿತು. ಕಾಲೇಜಿಗೆ ನಾನು ಹೋಗುತ್ತಿದ್ದುದು ಬಸ್ಸಿನಲ್ಲಿ. ಗಾಡಿ ಪೆಟ್ರೋಲ್ ಕುಡಿಯುತ್ತಿದೆಯೆಂದು ಮೆಕ್ಯಾನಿಕ್ ಜೊತೆ ಜಗಳವನ್ನೂ ಆಡಿ ಬಂದೆ. ಒಂದು ದಿನ ಕ್ಲಾಸು ಬೇಗ ಬಿಟ್ಟು ಮನೆಯ ಬೀದಿಗೆ ಬರುತ್ತೇನೆ, ಎದುರಿಗೆ ಮಮ್ಮಿ ರಾಣಿಯಂತೆ ಸ್ಕೂಟರ್ ಓಡಿಸಿಕೊಂಡು ಬರುತ್ತಿದ್ದಾರೆ! ಹಿಂದೆ ಪಕ್ಕದ ಮನೆಯ ರುಕ್ಮಿಣಿ ಆಂಟಿ. ಹೋದ ವರ್ಷ ತಾನೇ ಸ್ಕೂಟರ್ ಕಲಿತವರು ಅವರು.

"ಹೇಗೆ ಕಲಿಸಿದಿರಿ ಆಂಟಿ?" ಎಂದು ಹೊಟ್ಟೆಯುರಿಯಿಂದಲೇ ಕೇಳಿದೆ.

"ನಾನೇನ್ ಕಲ್ಸಿದೆ? ಹಿಂದ್ಗಡೆ ಕೂತ್ಕೊಂಡು ನನ್ ಸೊಸೆ ವಿಷ್ಯ ಹೇಳ್ತಿದ್ದೆ. ನಿಮ್ಮಮ್ಮ ಓಡಿಸ್ತಿದ್ರು, ಅಷ್ಟೇ ಕಣಮ್ಮ."

ಮಮ್ಮಿ ಹೆಲ್ಮೆಟ್ ತೆಗೆಯುತ್ತ ಹೇಳಿದರು: "ಇವ್ಳು ಹಿಂದೆ ಕೂತ್ರೆ ನಂಗೆ ರಸ್ತೆ ಕಾಣ್ಸುತ್ತೆ. ನೀನ್ ಕೂತ್ರೆ ಕನ್ನಡೀಲಿ ನಿನ್ ಮುಖ ಒಂದೇ ಕಾಣೋದು."

ಲೈಸೆನ್ಸೂ ಬಂತು. ತರಬೇತಿ ಶುರುವಾಗುವ ಮುಂಚಿನ ಶನಿವಾರ, ಚಿಕ್ಕಮ್ಮನನ್ನು ನೋಡಿ ಬರೋಣವೆಂದು ಊಟದ ಡಬ್ಬಿ ಹಿಡಿದು ಮಮ್ಮಿಯ ಹಿಂದೆ ಕೂತೆ. ಬಾಯಿ ಬಿಗಿಹಿಡಿದುಕೊಂಡೇ ಇದ್ದೆ, ದೇವರಾಣೆ. ಆದರೆ ಎದುರಿಗೆ ಒಂದು ಬಸ್ಸು ತಿರುಗಿತು ನೋಡಿ, "ಬ್ರೇಕ್! ಮಮ್ಮಿ, ಬ್ರೇಕ್!" ಎಂದುಬಿಟ್ಟೆ. ಮಮ್ಮಿ ಬಸ್ಸಿಗೆ ದಾರಿ ಬಿಟ್ಟು, ಇಂಡಿಕೇಟರ್ ಹಾಕಿ, ಅಚ್ಚುಕಟ್ಟಾಗಿ ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು.

"ಇಳಿ."

"ಇಲ್ಲೇನಾ?"

"ಹೂಂ, ಇಳೀಮ್ಮ. ಡಬ್ಬಿ ಇಲ್ಲಿ ಕೊಡು, ಊಟ ಆರೋಗ್ತದೆ. ನೀನು ಆಟೋದಲ್ಲಿ ಬಾ."

ಸ್ಕೂಟರು ಕಣ್ಮರೆಯಾಯಿತು. ರಸ್ತೆ ಬದಿಯಲ್ಲಿ ಹೆಲ್ಮೆಟ್ ಹಾಕಿಕೊಂಡೇ ಆಟೋಗೆ ಕೈ ಅಡ್ಡ ಹಿಡಿಯುತ್ತ ನಿಂತೆ. ಸೋಮವಾರದಿಂದ ನನಗೆ ಒಂದು ತರಗತಿ ಪೂರ್ತಿ ಮಕ್ಕಳು ಸಿಗುತ್ತಾರೆ. ಅವರಲ್ಲಿ ಯಾರಿಗೂ ನನ್ನನ್ನು ಹೀಗೆ ಇಳಿಸಿ ಹೋಗುವ ಅಧಿಕಾರವಿಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಗೆ, ಪಾಪ, ಆ ಮಕ್ಕಳನ್ನು ನೆನೆದು ನನಗೇ ಅಯ್ಯೋ ಅನ್ನಿಸಿತು.