ನನ್ನ ಭುಜ ಮೆಚ್ಚಿದ ಜಪಾನಿ ಹಾಡುಗಳು

ಅಭಿಪ್ರಾಯ ಎನ್ನುವುದು ದೇಹದ ಯಾವ ಭಾಗದಲ್ಲಿ ಹುಟ್ಟುತ್ತದೆ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರೋ ಇಲ್ಲವೋ ಗೊತ್ತಿಲ್ಲ. ಕೆಲವರಿಗೆ ತಲೆಯಲ್ಲಿ ಹುಟ್ಟುತ್ತದೆ, ಕೆಲವರಿಗೆ ಹೃದಯದಲ್ಲಿ, ನಮ್ಮ ಯಜಮಾನರಿಗೆ ಹೊಟ್ಟೆಯಲ್ಲಿ. ಊಟಕ್ಕೆ ಮುಂಚೆ ಅವರು ಯಾರ ಬಗ್ಗೆಯೂ ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಲ್ಲ. ನನ್ನ ಅಭಿಪ್ರಾಯ ಹುಟ್ಟುವುದು ಬಲಭುಜದಲ್ಲಿ. ಎಲ್ಲ ವಿಷಯದ ಅಭಿಪ್ರಾಯವೂ ಅಲ್ಲ, ಜಪಾನಿನಲ್ಲಿ ಹೊಸದಾಗಿ ಬಿಡುಗಡೆಯಾಗುವ ಹಾಡುಗಳ ಬಗೆಗಿನದು ಮಾತ್ರ. ಸಹಕಾರನಗರದಲ್ಲಿ ಮೂವತ್ತು ವರ್ಷದಿಂದ ಸಂಸಾರ ಮಾಡಿಕೊಂಡಿರುವ, ಜಪಾನಿ ಭಾಷೆಯಲ್ಲಿ ನೀರಿಗೆ ಏನೆನ್ನುತ್ತಾರೆ, ಅನ್ನಕ್ಕೆ ಏನೆನ್ನುತ್ತಾರೆ ಎಂದೂ ತಿಳಿಯದ, ಐವತ್ತೆರಡು ವಯಸ್ಸಿನ ಹೆಂಗಸು ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂದು ಇಷ್ಟು ದಿನ ಸುಮ್ಮನಿದ್ದೆ.

ಎರಡು ವರ್ಷದ ಹಿಂದೆ ನನ್ನ ಬಲಭುಜ ಹಿಡಿದುಕೊಂಡಿತು. ಮೊದಲು ಮೇಲಿನ ಶೆಲ್ಫಿನ ಸಾಸಿವೆ ಡಬ್ಬಿಗೆ ಕೈ ನಿಲುಕಲಿಲ್ಲ. ಆಮೇಲೆ ಜಡೆ ಹಾಕಿಕೊಳ್ಳಲು ಆಗಲಿಲ್ಲ. ಕೊನೆಗೆ ರಸ್ತೆಯಾಚೆಯಿಂದ ಯಾರಾದರೂ ಕೈ ಬೀಸಿದರೆ ತಿರುಗಿ ಬೀಸಲಾಗದೆ, ನನಗೆ ಸೊಕ್ಕು ಬಂದಿದೆಯೆಂದು ಬೀದಿಯಲ್ಲೆಲ್ಲ ಸುದ್ದಿಯಾಯಿತು. ಅತ್ತೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದರು. ಮನೆ ಕಟ್ಟಿಸಿ ಮಾರುವ ಕೆಲಸ ಮಾಡುವ ನಮ್ಮ ಯಜಮಾನರು ಬಾಗಿಲಿನ ಕೀಲು ಪರೀಕ್ಷಿಸುವವರ ಹಾಗೆ ಭುಜವನ್ನು ಎರಡು ಸಲ ಅಲ್ಲಾಡಿಸಿ, "ತುಕ್ಕು ಹಿಡಿದೈತೆ, ಡಾಕ್ಟರ್ ಹತ್ರ ಹೋಗಣ ನಡಿ" ಅಂದರು. ಹೀಗೆ ನಾನು ಬೇಕರಿಯ ಮೇಲಿನ ಮಹಡಿಯಲ್ಲಿರುವ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ಡಾಕ್ಟರ್ ಸ್ಮಿತಾ ಚಿಕ್ಕ ವಯಸ್ಸಿನ ಹುಡುಗಿ, ಕೈ ಮಾತ್ರ ಕಬ್ಬಿಣ. ಕಿರುಚಿಸಿ ಮುಗಿಸಿದ ಮೇಲೆ ನಗುತ್ತಾ ಹೇಳಿದಳು: "ಫ್ರೋಜನ್ ಶೋಲ್ಡರ್ ಆಂಟಿ, ಗಾಬರಿ ಆಗ್ಬೇಡಿ. ದಿನಾ ಗೋಡೆ ಮುಂದೆ ನಿಂತ್ಕೊಂಡು ಬೆರಳಲ್ಲಿ ಮೇಲಕ್ಕೆ ಹತ್ತಿಸ್ತಾ ಹೋಗಿ, ಇರುವೆ ಹೋಗುತ್ತಲ್ಲ ಹಂಗೆ. ಬೋರಾದ್ರೆ ಹಾಡು ಹಾಕ್ಕೊಳ್ಳಿ. ಐದು ಹಾಡು ಮುಗಿಯೋವರ್ಗೂ ಮಾಡಿದ್ರೆ ಸಾಕು."

ಹೇಳಿದಷ್ಟು ಸುಲಭವಾಗಿರಲಿಲ್ಲ. ಹಳೆಯ ಕನ್ನಡ ಸಿನಿಮಾ ಹಾಡು ಹಾಕಿದರೆ ಜೊತೆಗೆ ನಾನೂ ಹಾಡಿಕೊಂಡು, ನಾಯಕಿ ಉಟ್ಟಿದ್ದ ಸೀರೆ ಯಾವ ಬಣ್ಣದ್ದು ಎಂದು ಯೋಚಿಸುತ್ತ, ಕೈಯನ್ನು ಗೋಡೆಯ ಮೇಲೆ ಅರ್ಧದಲ್ಲೇ ಮರೆತುಬಿಡುತ್ತಿದ್ದೆ. ದೇವರ ನಾಮ ಹಾಕಿದರೆ ಮೇಲಕ್ಕೆ ಹೋಗಬೇಕಾದ ಕೈ ಅಭ್ಯಾಸಬಲದಿಂದ ಎದೆಯ ಹತ್ತಿರ ಬಂದು ಇನ್ನೊಂದು ಕೈಯನ್ನು ಸೇರಿಕೊಳ್ಳುತ್ತಿತ್ತು. ಹಾಗಿರುವಾಗ ಒಂದು ದಿನ ಹಾಕಿದ್ದ ಹಾಡು ಮುಗಿದು, ಫೋನು ತನ್ನಷ್ಟಕ್ಕೆ ತಾನೇ ಒಂದು ಜಪಾನಿ ಹಾಡನ್ನು ಶುರುಮಾಡಿತು. ನಿಲ್ಲಿಸೋಣವೆಂದರೆ ಎಡಗೈಗೆ ಚಪಾತಿ ಹಿಟ್ಟು ಮೆತ್ತಿತ್ತು, ಬಲಗೈ ಗೋಡೆಯ ಮೇಲಿತ್ತು. ಹುಡುಗಿಯೊಬ್ಬಳು ಉಸಿರಾಡಲೂ ಪುರುಸೊತ್ತಿಲ್ಲದವಳಂತೆ ಹಾಡುತ್ತಿದ್ದಳು. ಒಂದು ಪದವೂ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದ ನೆನಪು ಮಾಡಿಕೊಳ್ಳುವುದಕ್ಕೂ, ಕೈ ಮುಗಿಯುವುದಕ್ಕೂ ಏನೂ ಇರಲಿಲ್ಲ. ಹಾಡು ಮುಗಿದಾಗ ನೋಡುತ್ತೇನೆ, ಅಲ್ಲಿಯವರೆಗೆ ಸ್ವಿಚ್ ಬೋರ್ಡ್ ದಾಟದಿದ್ದ ನನ್ನ ಬೆರಳು ಅದರ ಮೇಲೆ ಎರಡು ಅಂಗುಲ ಹೋಗಿ ಕೂತಿತ್ತು. ಅಲ್ಲೇ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ. ಅದೇ ನನ್ನ ಮೊದಲ ವಿಮರ್ಶೆ.

ಆಮೇಲಿನದ್ದು ಚಟ ಹತ್ತಿದ ಕಥೆ. ಅಲ್ಲಿಯವರು ಆಲ್ಬಮ್ಮಿಗೆ ಕಾಯದೆ ಒಂದೊಂದೇ ಹಾಡನ್ನು ಬಿಡುತ್ತಿರುತ್ತಾರೆ, ಅದಕ್ಕೆ ಸಿಂಗಲ್ ಎನ್ನುತ್ತಾರೆ, ನನಗೆ ಬೇಕಾದವರದ್ದು ಹೆಚ್ಚಾಗಿ ಬುಧವಾರ ಬರುತ್ತದೆ ಎಂಬುದನ್ನೆಲ್ಲ ಕಲಿತೆ. ಅಲ್ಲಿ ಹನ್ನೆರಡು ಹೊಡೆದು ಬುಧವಾರ ಹುಟ್ಟುವಾಗ ನಮ್ಮಲ್ಲಿ ಇನ್ನೂ ಮಂಗಳವಾರ ರಾತ್ರಿ ಎಂಟೂವರೆ. ಅಂದರೆ ಅತ್ತೆಯ ಧಾರಾವಾಹಿಯ ಹೊತ್ತು, ಒಲೆಯ ಮೇಲೆ ಮುದ್ದೆಗೆ ಎಸರಿಡುವ ಮುಂಚಿನ ಹೊತ್ತು. ಅಡುಗೆಮನೆಯ ಪಕ್ಕದ ಕೋಣೆಯ ಗೋಡೆಯ ಮುಂದೆ ನಿಂತು ಹೊಸ ಹಾಡು ಕೇಳುತ್ತಾ, ಕೈ ಎಷ್ಟೆತ್ತರ ಹೋಯಿತೋ ಅಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದೆ. ಸ್ವಿಚ್ ಬೋರ್ಡಿನ ಮಟ್ಟದ್ದು ಸಾಧಾರಣ ಹಾಡು. ಅದರಿಂದ ಒಂದು ಗೇಣು ಮೇಲಿನದ್ದು ಒಳ್ಳೆಯದು. ಕ್ಯಾಲೆಂಡರಿನ ಮೊಳೆ ಮುಟ್ಟಿಸಿದ್ದು ಅತ್ಯುತ್ತಮ. ಒಂದು ದಿನ ಯಜಮಾನರು ಗೋಡೆಯನ್ನು ನೋಡಿ ಹುಬ್ಬು ಗಂಟಿಕ್ಕಿ, "ಯಾವ್ ಎಲೆಕ್ಟ್ರಿಷಿಯನ್ ಬಂದಿದ್ದ? ಯಾರನ್ನ ಕೇಳಿ ಮಾರ್ಕ್ ಮಾಡ್ದ?" ಎಂದು ವಿಚಾರಣೆ ನಡೆಸಿದರು. ಡಾಕ್ಟರು ಹೇಳಿದ್ದು ಎಂದೆ. ಡಾಕ್ಟರು ಎಂದ ಮೇಲೆ ನಮ್ಮ ಮನೆಯಲ್ಲಿ ಮರುಮಾತಿಲ್ಲ.

ಗೋಡೆಯ ಮೇಲಿನ ಅಭಿಪ್ರಾಯ ನನ್ನೊಬ್ಬಳಿಗೇ ಸಾಕಾಗದೆ, ಆ ಹಾಡುಗಳ ವಿಡಿಯೋ ಕೆಳಗೆ ಕನ್ನಡದಲ್ಲಿ ಬರೆಯತೊಡಗಿದೆ. ಕನ್ನಡದಲ್ಲಿ ಬರೆಯುವವಳು ನಾನೊಬ್ಬಳೇ ಎಂಬ ಧೈರ್ಯ ನನ್ನನ್ನು ಬಹಳ ದೂರ ಕರೆದೊಯ್ದಿತು. ಮಾರ್ಚ್ ತಿಂಗಳಲ್ಲಿ ಅವರ ಹಾಡುಗಳಲ್ಲೆಲ್ಲ ಹೂವು ಉದುರುತ್ತದೆ, ಶಾಲೆ ಮುಗಿಯುತ್ತದೆ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳು ನಿಂತಿರುತ್ತಾಳೆ. ಅಂಥ ಹಾಡು ಒಂದೇ ವಾರ ಮೂರು ಬಂದಾಗ, "ನಮ್ಮ ರಸ್ತೆಯಲ್ಲೂ ಗುಲಾಬಿ ಬಣ್ಣದ ಹೂವಿನ ಮರಗಳಿವೆ. ಹೂವು ಉದುರಿದರೆ ನಾವು ಗುಡಿಸುತ್ತೇವೆ, ಹಾಡುತ್ತಾ ಕೂರುವುದಿಲ್ಲ. ಸ್ವಿಚ್ ಬೋರ್ಡಿನ ಕೆಳಗೆ" ಎಂದು ಬರೆದೆ. ಏಳು ಹುಡುಗರ ತಂಡವೊಂದರ ಹಾಡಿಗೆ, "ಏಳು ಜನಕ್ಕೂ ಒಂದೊಂದು ಸಾಲು ಹಂಚಲೇಬೇಕೆಂದು ಬೀಗರ ಊಟದಲ್ಲಿ ಬಡಿಸಿದ ಹಾಗೆ ಬಡಿಸಿದ್ದಾರೆ, ಆದರೆ ಮೂರನೆಯವನು ಬಾಯಿ ತೆರೆದಾಗ ಕೈ ನಾಲ್ಕು ಬೆರಳು ಮೇಲೆ ಹೋಯಿತು" ಎಂದೆ. ಅವರ ಎಷ್ಟೋ ಹಾಡುಗಳಲ್ಲಿ ಕೊನೆಯ ಸಲ ಪಲ್ಲವಿ ಬರುವಾಗ ಶ್ರುತಿಯನ್ನು ಒಂದು ಮೆಟ್ಟಿಲು ಏರಿಸುತ್ತಾರೆ. ಆ ಏರಿಕೆಯಲ್ಲಿ ನೋವೆಲ್ಲ ಮರೆತು ಹೋಗುತ್ತದೆ. ಅದಿಲ್ಲದ ಹಾಡನ್ನು ನಾನು ಹಾಡೆಂದೇ ಒಪ್ಪುವುದಿಲ್ಲ, ಹಾಗೆಂದು ಖಡಾಖಂಡಿತವಾಗಿ ಬರೆದಿದ್ದೇನೆ. ಎಲ್ಲಿಂದಲೋ ಕನ್ನಡ ಬಲ್ಲ ಏಳು ಜನ ನನಗೆ ಖಾಯಂ ಓದುಗರಾದರು. ಸ್ವಿಚ್ ಬೋರ್ಡ್ ಎಂದರೇನೆಂದು ಅವರಲ್ಲಿ ಯಾರೂ ಕೇಳಲಿಲ್ಲ, ದೊಡ್ಡ ಸಂಗೀತದ ಪದವೆಂದುಕೊಂಡಿರಬೇಕು. ಈ ವರ್ಷ ಶುರುವಾದ ಮೇಲೆ ಗೆರೆಗಳು ಒಂದೇ ಸಮನೆ ಮೇಲಕ್ಕೆ ಹೋದವು. "ಹೋದ ವರ್ಷಕ್ಕಿಂತ ಈ ವರ್ಷ ಜಪಾನಿನ ಹಾಡುಗಳು ಎಲ್ಲ ರೀತಿಯಲ್ಲೂ ಸುಧಾರಿಸಿವೆ" ಎಂದು ಬರೆದಾಗ ಏಳು ಜನವೂ ಒಪ್ಪಿದರು.

ಹಾಡು ಚೆನ್ನಾಗಿತ್ತು, ನಿಜ. ಆದರೆ ಅದಕ್ಕಿಂತ ಚೆನ್ನಾಗಿದ್ದದ್ದು ಆ ಇಪ್ಪತ್ತು ನಿಮಿಷ. ತುಂಬು ಮನೆಗೆ ಸೊಸೆಯಾಗಿ ಬಂದಂದಿನಿಂದ ನನ್ನನ್ನು ಯಾರೂ ಇಪ್ಪತ್ತು ನಿಮಿಷ ಒಬ್ಬಳನ್ನೇ ಬಿಟ್ಟದ್ದಿಲ್ಲ. ಪೂಜೆಗೆ ಕೂತರೂ ಕೊಬ್ಬರಿ ತುರಿಯುವ ಮಣೆ ಎಲ್ಲಿ ಎಂದು ಕೇಳುತ್ತಾರೆ, ಸ್ನಾನಕ್ಕೆ ಹೋದರೂ ಬಾಗಿಲು ಬಡಿದು ಗ್ಯಾಸಿನವನು ಬಂದಿದ್ದಾನೆ ಎನ್ನುತ್ತಾರೆ. ವ್ಯಾಯಾಮಕ್ಕೆ ಮಾತ್ರ ಯಾರೂ ಅಡ್ಡ ಬರುತ್ತಿರಲಿಲ್ಲ. ಬಾಗಲೂರಿನ ಕಡೆಯವರಾದ ನಮ್ಮ ಅತ್ತೆ, "ಇದೇನ್ ಇಂಗೆ ಕಿರುಚ್ತಾವಮ್ಮ, ಒಟ್ಟೆನೋವು ಬಂದೋರಂಗೆ" ಎಂದು ಒಂದು ಸಲ ಅಂದರೂ, ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ಯಜಮಾನರು ನೀರನ್ನು ತಾವೇ ತುಂಬಿಸಿಕೊಂಡು ಕುಡಿಯುತ್ತಿದ್ದರು.

ಹೀಗಿರುವಾಗ ಹೋದ ತಿಂಗಳು ಸ್ಮಿತಾ ನನ್ನ ಕೈಯನ್ನು ಹಿಡಿದು ಮೇಲೆ, ಹಿಂದೆ, ಪಕ್ಕಕ್ಕೆ ತಿರುಗಿಸಿದಳು. ಎಲ್ಲ ಕಡೆಗೂ ಹೋಯಿತು. ಫೋನಿನಲ್ಲಿ ತೆಗೆದಿಟ್ಟಿದ್ದ ಗೋಡೆಯ ಚಿತ್ರವನ್ನು ತೋರಿಸಿದೆ. "ವಾವ್ ಆಂಟಿ, ನೋಡಿ ಎಷ್ಟ್ ಚೆನ್ನಾಗಿ ಇಂಪ್ರೂವ್ ಆಗಿದೀರ" ಅಂದಳು. ನಾನಲ್ಲಮ್ಮ, ಹಾಡುಗಳು ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಇನ್ಮೇಲೆ ಬರೋದು ಬೇಡ. ಎಕ್ಸರ್ಸೈಸೂ ಬೇಡ, ಮನೆ ಕೆಲಸ ಮಾಡ್ಕೊಂಡಿದ್ರೆ ಸಾಕು" ಎಂದು ನಗುತ್ತಾ ಕಳಿಸಿಕೊಟ್ಟಳು. ಕಾಯಿಲೆ ವಾಸಿಯಾಗಿದೆಯೆಂದು ಕೇಳಿ ಅಷ್ಟು ಸಪ್ಪಗಾದ ರೋಗಿಯನ್ನು ಅವಳು ಕಂಡಿರಲಾರಳು.

ಮನೆಯಲ್ಲಿ ಹಬ್ಬ. ಅತ್ತೆ, "ಕೈ ಸರಿ ಓಯ್ತಲ್ಲ, ಇನ್ನು ಎಂಟೂವರೆಗೆ ಬಾ, ಜೊತೇಲಿ ಧಾರಾವಾಹಿ ನೋಡಾಣ. ಒಬ್ಳೇ ನೋಡಿ ನೋಡಿ ಸಾಕಾಗೋಯ್ತು" ಎಂದರು. ಯಜಮಾನರು ಆ ಗೋಡೆಗೆ ಬಣ್ಣ ಹೊಡೆಸುತ್ತೇನೆ ಎಂದರು. ಆ ಮಂಗಳವಾರ ಎಂಟೂವರೆಗೆ, ನಾನು ಎರಡು ತಿಂಗಳಿನಿಂದ ಕಾದಿದ್ದ ಗಾಯಕಿಯ ಹೊಸ ಹಾಡು ಬಿಡುಗಡೆಯಾಗುವಾಗ, ನಾನು ಸೋಫಾದ ಮೇಲೆ ಅತ್ತೆಯ ಪಕ್ಕ ಕೂತು, ಒಬ್ಬಳು ಇನ್ನೊಬ್ಬಳ ಹಾಲಿಗೆ ಏನೋ ಬೆರೆಸುವುದನ್ನು ನೋಡುತ್ತಿದ್ದೆ. ಮರುದಿನ ಅವರೆಕಾಯಿ ಬಿಡಿಸುತ್ತಾ ಹಾಡು ಕೇಳಲು ನೋಡಿದೆ. ನಾಲ್ಕು ನಿಮಿಷದ ಹಾಡಿನಲ್ಲಿ ನಾಲ್ಕು ಸಲ ಕರೆದರು. ಕೊನೆಯ ಪಲ್ಲವಿಯಲ್ಲಿ ಶ್ರುತಿ ಏರಿತೋ ಇಲ್ಲವೋ ನನಗೆ ಅವತ್ತು ತಿಳಿಯಲೇ ಇಲ್ಲ, ಆ ಹೊತ್ತಿಗೆ ಕೊರಿಯರ್ ತೆಗೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು. ಅಂದು ರಾತ್ರಿ ಊಟಕ್ಕೆ ಕೂತಾಗ ನಾನು ಮೆಲ್ಲಗೆ ಎಡಭುಜವನ್ನು ಹಿಡಿದುಕೊಂಡು, "ಯಾಕೋ ಈ ಕಡೆಯೂ ನೋಯ್ತಿದೆ ಕಣ್ರೀ" ಎಂದೆ.

ಸುಳ್ಳು ಹೇಳುವುದಕ್ಕೂ ವ್ಯಾಯಾಮ ಬೇಕು. ಮೊದಲ ಎರಡು ದಿನ ಸರಾಗವಾಗಿ ನಡೆಯಿತು. ಎಡಗೈಯನ್ನು ಗೋಡೆಗಿಟ್ಟು, ಬಾಗಿಲು ಮುಂದೆ ಮಾಡಿಕೊಂಡು, ತಪ್ಪಿಹೋದ ಹಾಡನ್ನು ಐದು ಸಲ ಕೇಳಿದೆ. ಬ್ಲೌಸಿನ ತೋಳಿಗೆ ಎಡಗೈ ಹಾಕುವಾಗ ನನಗರಿವಿಲ್ಲದೆ ಮುಖ ಕಿವುಚಿದಾಗ, ನಟನೆ ಎಷ್ಟು ಸಹಜವಾಗಿ ಬರುತ್ತಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಮೂರನೆಯ ದಿನ ಮೈಮರೆತು ಕುಕ್ಕರನ್ನು ಎಡಗೈಯಲ್ಲಿ ಇಳಿಸಿ, ಹಳೆಯ ಅಭ್ಯಾಸದಂತೆ ಬಲಭುಜವನ್ನು ನೀವಿಕೊಂಡೆ. ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ. "ನೆನ್ನೆ ಎಡಗೈ ಅಂದೆ, ಇವತ್ತು ಬಲಗೈ ಉಜ್ಕೊಂತೀಯ. ನೋವು ಮನೆ ಬದಲಾಯಿಸ್ತಾ ಅದಾ?" ಎಂದರು. ಅಂದು ಸಂಜೆ ಅವರು ಮಗನ ಕಿವಿಯಲ್ಲಿ ಏನೋ ಹೇಳಿದರು. ಯಜಮಾನರು ಬಂದು, "ಅನುಮಾನ ಯಾಕೆ, ನಾಳೆ ಆ ಡಾಕ್ಟರಮ್ಮನ್ನೇ ಕೇಳ್ಬಿಡಣ" ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡೇಬಿಟ್ಟರು.

ಮಾರನೆಯ ದಿನ ಆ ಬೇಕರಿಯ ಮೆಟ್ಟಿಲನ್ನು ಒಂದೊಂದಕ್ಕೂ ನಿಂತು ನಿಂತು ಹತ್ತಿದೆ. ಸ್ಮಿತಾಳ ಕಬ್ಬಿಣದ ಕೈಗೆ ಯಾವ ನಟನೆಯೂ ನಿಲ್ಲುವುದಿಲ್ಲ. ಒಂದೇ ನಿಮಿಷದಲ್ಲಿ, "ಏನೂ ಇಲ್ಲ ಅಂಕಲ್" ಎಂದುಬಿಡುತ್ತಾಳೆ. ಆಮೇಲೆ ನಾನು ಸುಳ್ಳುಗಾತಿ, ಅದೂ ಭಾಷೆ ತಿಳಿಯದ ಹಾಡಿಗಾಗಿ. ಇಳಿವಯಸ್ಸಿನಲ್ಲಿ ಗಂಡನ ಮುಂದೆ ಇದನ್ನೆಲ್ಲ ಬಿಡಿಸಿ ಹೇಳುವುದಕ್ಕಿಂತ ಮೆಟ್ಟಿಲಿನಿಂದ ಜಾರಿ ಬಿದ್ದು ನಿಜವಾಗಿಯೇ ಏನಾದರೂ ಮುರಿದುಕೊಳ್ಳುವುದು ವಾಸಿ ಎನಿಸಿತು. ಅಷ್ಟು ಧೈರ್ಯ ಬಾರದೆ ಮಂಚದ ಮೇಲೆ ಹೋಗಿ ಕೂತೆ. ಸ್ಮಿತಾ ನನ್ನ ಎಡಮೊಣಕೈಯನ್ನು ಸೊಂಟಕ್ಕೆ ಒತ್ತಿಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸಿದಳು. ಪ್ರಾಣ ಹೋದ ಹಾಗಾಯಿತು. ಇನ್ನೊಂದು ಸಲ ತಿರುಗಿಸಿದಳು. ಕೈ ಅರ್ಧಕ್ಕೇ ನಿಂತುಬಿಟ್ಟಿತು, ನಾನು ಕೂಗಿಕೊಂಡೆ.

"ಇದೂ ಶುರುವಾಗಿದೆ ಅಂಕಲ್. ಕೆಲವ್ರಿಗೆ ಒಂದಾದ್ಮೇಲೆ ಇನ್ನೊಂದು ಬರುತ್ತೆ. ಬೇಗ ಕರ್ಕೊಂಡ್ ಬಂದಿದ್ದು ಒಳ್ಳೇದಾಯ್ತು" ಎಂದಳು.

"ನಿಜವಾಗ್ಲೂ ಇದೆಯೇನಮ್ಮ?" ಎಂದು ಕೇಳಿದೆ.

"ನಿಜವಾಗ್ಲೂ ಇದೆ ಆಂಟಿ. ಇನ್ನೊಂದು ಎಂಟು ತಿಂಗಳಾದ್ರೂ ದಿನಾ ಮಾಡ್ಬೇಕು."

ನನ್ನ ಎದೆಯ ಮೇಲಿದ್ದ ಭಾರ ಇಳಿದು, ಕಣ್ಣಲ್ಲಿ ನೀರು ಬಂದುಬಿಟ್ಟಿತು. ನನ್ನ ಜೀವಮಾನದಲ್ಲಿ ಯಾವ ಡಾಕ್ಟರ ಮಾತೂ ಇಷ್ಟು ನೆಮ್ಮದಿ ಕೊಟ್ಟದ್ದಿಲ್ಲ. ಯಜಮಾನರು, ನಾನು ಹೆದರಿ ಅಳುತ್ತಿದ್ದೇನೆಂದು ತಿಳಿದು, "ಅಳ್ಬೇಡ, ನಾನಿದೀನಲ್ಲ" ಎಂದರು, ಮೂವತ್ತು ವರ್ಷದಲ್ಲಿ ಎರಡನೆಯ ಸಲವೋ ಏನೋ. ಕೆಳಗಿಳಿದು ಬೇಕರಿಯಲ್ಲಿ ಹನಿಕೇಕ್ ಕೊಡಿಸಿದರು. ಮನೆಯಲ್ಲಿ ಅತ್ತೆ, "ಪಾಪ, ನಾನೇ ಏನೇನೋ ಅಂದ್ಬುಟ್ಟೆ" ಎಂದು ಮುಖ ಚಿಕ್ಕದು ಮಾಡಿಕೊಂಡು, ಅವತ್ತು ಮುದ್ದೆಯನ್ನು ತಾವೇ ತೊಳಸಿದರು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಆದರೆ ಬಣ್ಣದವನಿಗೆ ಬರಬೇಡವೆಂದು ಯಜಮಾನರು ಫೋನು ಮಾಡುವುದನ್ನು ಕೇಳಿದಾಗ ಆ ನಾಚಿಕೆ ಬಹಳ ಮಟ್ಟಿಗೆ ಹೋಯಿತು.

ಈಗ ಮತ್ತೆ ಮಂಗಳವಾರ ಎಂಟೂವರೆ ನನ್ನದು. ಎಡಗೈಯ ಗೆರೆಗಳನ್ನು ಹಸಿರು ಪೆನ್ಸಿಲಿನಲ್ಲಿ ಎಳೆಯುತ್ತಿದ್ದೇನೆ. ಐದು ವಾರದಲ್ಲಿ ಹನ್ನೊಂದು ಹೊಸ ಹಾಡು ಕೇಳಿದೆ, ಒಂದಾದರೂ ಸ್ವಿಚ್ ಬೋರ್ಡ್ ದಾಟಲಿಲ್ಲ. ಆ ಏಳು ಹುಡುಗರು ಕೂಡ, ಮೂರನೆಯವನನ್ನೂ ಸೇರಿಸಿ, ಕೈಕೊಟ್ಟರು. ತಡೆಯಲಾರದೆ, "ಜಪಾನಿನ ಹಾಡುಗಳಿಗೆ ಇದ್ದಕ್ಕಿದ್ದಂತೆ ಏನಾಯಿತು? ಹೋದ ತಿಂಗಳ ಆ ಲವಲವಿಕೆ ಎಲ್ಲಿ ಹೋಯಿತು?" ಎಂದು ಉದ್ದಕ್ಕೆ ಬರೆದೆ. ಅರ್ಧ ಗಂಟೆಯಲ್ಲಿ ನನ್ನ ಏಳು ಜನ ಓದುಗರೂ ಬಂದರು. ತಮಗೂ ಹಾಗೇ ಅನಿಸಿತ್ತು, ಹೇಳಲು ಧೈರ್ಯವಿರಲಿಲ್ಲ ಎಂದು ಒಬ್ಬರು, ಇನ್ನು ಆ ಕಡೆಯ ಹಾಡು ಕೇಳುವುದನ್ನೇ ಬಿಡೋಣವೆಂದಿದ್ದೇನೆ ಎಂದು ಇನ್ನೊಬ್ಬರು. ಆಗ ಮಾತ್ರ ನನಗೆ ಸ್ವಲ್ಪ ಗಾಬರಿಯಾಯಿತು. ಗೋಡೆಯನ್ನು ಒಂದು ಸಲ, ನನ್ನ ಎಡಭುಜವನ್ನು ಒಂದು ಸಲ ನೋಡಿಕೊಂಡೆ. ಆಮೇಲೆ, ಯಾರೂ ದುಡುಕಬೇಡಿ, ಸುಧಾರಿಸುತ್ತದೆ, ಆದರೆ ಎಂಟು ತಿಂಗಳು ಹಿಡಿಯಬಹುದು ಎಂದು ಉತ್ತರ ಬರೆದೆ.